ಜಪಾನಿನ ಹಳೇ ಬಿಸಿನೀರಿನ ಹೋಟೆಲ್‌ನಲ್ಲಿ ಅಪ್ಪ ಅಮ್ಮನ ಜೊತೆ ಉಳಿಯಬಹುದಾ?

ಖಂಡಿತ ಉಳಿಯಿರಿ. ಫೋಟೋದಲ್ಲಿ ಹೋಟೆಲ್ ತೀರಾ ಹಳೆಯದಾಗಿ ಕಾಣುತ್ತದೆ, ವಯಸ್ಸಾದವರಿಗೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ನಾನು ನನ್ನ ಅಪ್ಪ ಅಮ್ಮನನ್ನು ಗುನ್ಮಾ ಪ್ರಾಂತ್ಯದ ಕುಸಾತ್ಸು ಅನ್ನುವ ಬಿಸಿನೀರಿನ ಬುಗ್ಗೆಗಳ ಊರಿಗೆ ಕರೆದುಕೊಂಡು ಹೋಗಿದ್ದೆ. ಕಾರಿಡಾರಿನ ಕಾರ್ಪೆಟ್ ಸವೆದಿತ್ತು, ಕೋಣೆಯ ತಾತಾಮಿ ಚಾಪೆ ಬಿಸಿಲಿಗೆ ಹಳದಿಗಟ್ಟಿತ್ತು. ಆದರೆ ಅದರ ಮೇಲೆ ಒಂದು ಕೂದಲೆಳೆ ಕೂಡ ಇರಲಿಲ್ಲ.

ಅಲ್ಲಿ ನಾವು ದುಡ್ಡು ಕೊಡುವುದು ನೀರಿಗೆ. ಊರ ನಡುವೆ ಯುಬತಾಕೆ ಅಂತ ಇದೆ. 50 ಡಿಗ್ರಿ ದಾಟಿದ ಬುಗ್ಗೆ ನೀರು ಅಲ್ಲಿ ಮರದ ಕಾಲುವೆಗಳಲ್ಲಿ ಹರಿದು ಆರುತ್ತದೆ. ತಣ್ಣೀರು ಬೆರೆಸಿದರೆ ಗುಣ ಕೆಡುತ್ತದೆ ಅಂತ ಹಿಂದೆ ಉದ್ದನೆಯ ಹಲಗೆಗಳಿಂದ ಕಲಕಿ ಆರಿಸುತ್ತಿದ್ದರು. ಈಗಲೂ ಅದನ್ನು ಹಾಡು ಹೇಳುತ್ತಾ ಮಾಡಿ ತೋರಿಸುತ್ತಾರೆ. ನೀರು ಹೆಚ್ಚುಕಡಿಮೆ ನಿಂಬೆರಸದಷ್ಟು ಹುಳಿ, ಕಣ್ಣಿಗೆ ತಾಗಿದರೆ ಉರಿ. ಬುಕ್ ಮಾಡುವಾಗ 'ಗೆನ್ಸೆನ್ ಕಾಕೆನಾಗಾಶಿ' ಅಂತ ಬರೆದಿದೆಯಾ ನೋಡಿ. ಬುಗ್ಗೆ ನೀರು ತೊಟ್ಟಿ ತುಂಬಿ ಹೊರಗೆ ಹರಿದು ಹೋಗುತ್ತದೆ, ಅದನ್ನೇ ಸೋಸಿ ಮತ್ತೆ ಬಿಡುವುದಿಲ್ಲ ಅಂತ ಅರ್ಥ. ರೂಮು ಹೊಸದಾ ಅನ್ನುವುದಕ್ಕಿಂತ ನಾನು ಇದನ್ನೇ ಮೊದಲು ನೋಡುತ್ತೇನೆ.

ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಸ್ನಾನದ ಮನೆ. ಆದರೂ ಮೈಮೇಲೆ ಬಟ್ಟೆ ಇಲ್ಲದೆ ಇಳಿಯಬೇಕಲ್ವಾ, ಅಮ್ಮ ಮೊದಲ ಸಂಜೆ ಒಪ್ಪಲೇ ಇಲ್ಲ. ಮಾರನೇ ದಿನ ಬೆಳಗಿನ ಜಾವ ಯಾರೂ ಇಲ್ಲದಾಗ ಇಬ್ಬರೂ ಹೋದೆವು. ಚಿಕ್ಕ ಸ್ಟೂಲ್ ಮೇಲೆ ಕೂತು ಮೈ ಪೂರ್ತಿ ತೊಳೆದುಕೊಂಡೇ ತೊಟ್ಟಿಗೆ ಇಳಿಯಬೇಕು. ಬಚ್ಚಲಲ್ಲಿ ಮಣೆ ಮೇಲೆ ಕೂತು ಮಿಂದವಳಿಗೆ ಅದನ್ನು ಹೇಳಿಕೊಡಬೇಕಾಗಲಿಲ್ಲ. ಕುತ್ತಿಗೆವರೆಗೆ ನೀರಲ್ಲಿ ಕೂತು ಕಣ್ಣು ಮುಚ್ಚಿ, "ದೀಪಾವಳಿ ಹಂಡೆ ನೀರು ಕಣೇ" ಅಂದಳು. ಕೆಲವು ಹೋಟೆಲ್‌ಗಳಲ್ಲಿ ಒಂದೇ ಕುಟುಂಬಕ್ಕೆ ಬಿಟ್ಟುಕೊಡುವ ಪುಟ್ಟ ಸ್ನಾನದ ಮನೆಯೂ ಇರುತ್ತದೆ, 'ಕಾಶಿಕಿರಿ' ಅಂತ ಕೇಳಿ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಇಳಿಸಿ.

ಮಂಡಿ ನೋವಿದ್ದರೆ ಮಂಚ ಇರುವ ಕೋಣೆ ಕೇಳಿ. ನೆಲದ ಹಾಸಿಗೆಯಿಂದ ಏಳುವುದು ಅಪ್ಪನಿಗೆ ಕಷ್ಟವಾಯಿತು. ಸಸ್ಯಾಹಾರಿಗಳಾದರೆ ಊಟ ಬೇಡ ಅಂತಲೇ ಬುಕ್ ಮಾಡಿ. ತರಕಾರಿ ಸಾರಿಗೂ ಒಣಮೀನು ಬೇಯಿಸಿದ ಕಟ್ಟು ಹಾಕುವುದು ಅಲ್ಲಿ ಮಾಮೂಲು. ನಾವು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು.

ಇನ್ನೊಂದು. ನೀರಲ್ಲಿ ಗಂಧಕ ಇರುತ್ತದೆ, ಬೆಳ್ಳಿ ತೆಗೆದಿಟ್ಟು ಇಳಿಯಿರಿ. ಅಮ್ಮ ಕಾಲುಂಗುರ ತೆಗೆಯುವುದಿಲ್ಲ ಅಂದಳು. ಎರಡೂ ಇದ್ದಿಲಿನ ಹಾಗೆ ಕಪ್ಪಾದವು. ಊರಿಗೆ ಬಂದ ಮೇಲೆ ವಿಭೂತಿ ಹಾಕಿ ಉಜ್ಜಿದೆವು, ಬೆಳ್ಳಗಾದವು.