ಐದು ಪಿಎಚ್‌ಡಿ, ಇಬ್ಬರು ಎಂ.ಟೆಕ್: ಟೀಚಿಂಗ್ ಅಸಿಸ್ಟೆಂಟ್ ಗಂಟೆ ಹಂಚುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವಿಭಾಗದಲ್ಲಿ ಐದು ಜನ ಪೂರ್ಣಾವಧಿ ಪಿಎಚ್‌ಡಿ ವಿದ್ಯಾರ್ಥಿಗಳು, ಸ್ಕಾಲರ್‌ಶಿಪ್ ಮೇಲೆ ಓದುವ ಇಬ್ಬರು ಎಂ.ಟೆಕ್ ಹುಡುಗರು. ಇವರಿಗೆ ಲ್ಯಾಬ್, ಮೌಲ್ಯಮಾಪನದಂಥ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಹಂಚುವುದನ್ನು ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ನಿಮ್ಮ ಕೊರಳಿಗೆ ಕಟ್ಟಿದ್ದಾರೆ. ತಕರಾರು ಬೇಡವೆಂದು ಎಲ್ಲರಿಗೂ ಒಂದೊಂದು ಲ್ಯಾಬ್ ಬ್ಯಾಚ್ ಕೊಟ್ಟಿರಿ. ಆದರೂ ಒಬ್ಬಾಕೆ ರಾತ್ರಿ ಹತ್ತರವರೆಗೆ ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡ್ ತಿದ್ದುತ್ತಾಳೆ, ಇನ್ನೊಬ್ಬ ಮೂರು ಗಂಟೆಗೇ ಕ್ಯಾಂಟೀನ್ ಸೇರುತ್ತಾನೆ. ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಟೈಮ್‌ಟೇಬಲ್ ಹಾಕುವವನು ನಾನೇ ಆದ್ದರಿಂದ ಈ ಪಂಚಾಯಿತಿ ಪ್ರತಿ ಸೆಮಿಸ್ಟರ್ ನಮ್ಮಲ್ಲೂ ಇದ್ದದ್ದೇ.

ಮೊದಲು ಕೈಯಲ್ಲಿ ಎಷ್ಟಿದೆ ನೋಡಿಕೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮಾವಳಿ ಪ್ರಕಾರ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದಂಥ ಕೆಲಸ ಕೊಡಬಹುದು. ಗೇಟ್ ಪ್ರವೇಶ ಪರೀಕ್ಷೆ ಪಾಸಾಗಿ ಎಐಸಿಟಿಇಯಿಂದ (ತಾಂತ್ರಿಕ ಶಿಕ್ಷಣ ಮಂಡಳಿ) ತಿಂಗಳಿಗೆ 12,400 ರೂಪಾಯಿ ಪಡೆಯುವ ಎಂ.ಟೆಕ್ ವಿದ್ಯಾರ್ಥಿಗೆ 8ರಿಂದ 10 ಗಂಟೆ. ಹಾಗಾದರೆ ಐದು ಜನರಿಂದ 30, ಇಬ್ಬರಿಂದ 20, ಎಲ್ಲ ಹಿಂಡಿದರೂ ವಾರಕ್ಕೆ 50 ಗಂಟೆ. ಪೂರ್ಣಾವಧಿ ಅಧ್ಯಾಪಕರೊಬ್ಬರಿಗೆ ಯುಜಿಸಿ ಹೇಳುವುದೇ ವಾರಕ್ಕೆ ಕನಿಷ್ಠ 40 ಗಂಟೆ. ಎಚ್‌ಒಡಿ ಕಣ್ಣಿಗೆ ಏಳು ಜನ ಕಾಣುತ್ತಾರೆ; ಲೆಕ್ಕಕ್ಕೆ ಸಿಗುವುದು ಒಂದೂಕಾಲು ಆಳು. ಈ ಅಂಕಿಯನ್ನು ಮೊದಲ ಮೀಟಿಂಗ್‌ನಲ್ಲೇ ಬೋರ್ಡ್ ಮೇಲೆ ಬರೆದುಬಿಡಿ, ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಇನ್ನು ‘ಒಂದು ಲ್ಯಾಬ್’ ಅಂದರೆ ಎಷ್ಟು ಗಂಟೆ? ಟೈಮ್‌ಟೇಬಲ್‌ನಲ್ಲಿ ಎರಡು ಗಂಟೆ ಅಂತಿರುತ್ತದೆ. 20 ವಿದ್ಯಾರ್ಥಿಗಳ ಬ್ಯಾಚ್ ಇಟ್ಟುಕೊಳ್ಳಿ. ಹಿಂದಿನ ದಿನ ಪ್ರಯೋಗವನ್ನು ತಾನೇ ಒಮ್ಮೆ ಮಾಡಿ ನೋಡಲು ಅರ್ಧ ಗಂಟೆ. ರೆಕಾರ್ಡ್ ಒಂದಕ್ಕೆ ಐದು ನಿಮಿಷ ಹಿಡಿದರೂ ನೂರು ನಿಮಿಷ. ಅಂಕ, ಅಟೆಂಡೆನ್ಸ್ ಏರಿಸಲು ಇನ್ನೊಂದು ಇಪ್ಪತ್ತು ನಿಮಿಷ. ಕೂಡಿಸಿದರೆ ನಾಲ್ಕೂವರೆ ಗಂಟೆ. ಅಂದರೆ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಗೆ ಒಂದು ಬ್ಯಾಚ್ ಕೊಟ್ಟ ಮೇಲೆ ಉಳಿಯುವುದು ಒಂದೂವರೆ ಗಂಟೆ ಮಾತ್ರ. ಎರಡನೇ ಬ್ಯಾಚ್ ಎಂಬ ಮಾತೇ ಬರಬಾರದು. ‘ಎರಡ ತಾಸಿನ ಲ್ಯಾಬ್ ಅಲ್ಲೇನ್ರಿ, ಇನ್ನೊಂದ ಕೊಡ್ರಿ ಅವಗ’ ಎಂದು ಹಿರಿಯರು ಯಾರಾದರೂ ಹೇಳೇ ಹೇಳುತ್ತಾರೆ. ಆಗ ಈ ಲೆಕ್ಕ ಮುಂದಿಡಿ.

ಎಲ್ಲ ಲ್ಯಾಬೂ ಒಂದೇ ತೂಕದವಲ್ಲ. ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ತಿದ್ದುವುದು ಬೇಗ ಮುಗಿಯುತ್ತದೆ, ಆದರೆ ಎರಡು ಗಂಟೆಯೂ ‘ಸರ್, ಎರರ್ ಬರಾಕತ್ತೈತ್ರಿ’ ಎನ್ನುವ ಹುಡುಗರ ಬೆನ್ನ ಹಿಂದೆ ನಿಂತೇ ಇರಬೇಕು. ಮಟೀರಿಯಲ್ ಟೆಸ್ಟಿಂಗ್‌ನಲ್ಲಿ ಯಂತ್ರವನ್ನು ಇನ್‌ಸ್ಟ್ರಕ್ಟರ್ ನೋಡಿಕೊಳ್ಳುತ್ತಾರೆ, ಇವರಿಗೆ ಕೆಲಸ ಕಡಿಮೆ. ಗ್ರಾಫು, ಟೇಬಲ್ಲು ತುಂಬಿದ ರೆಕಾರ್ಡ್ ಇರುವ ಲ್ಯಾಬ್ ಸಿಕ್ಕವರ ಗತಿಯೇ ನಿಮ್ಮ ಆ ಹುಡುಗಿಯದು. ಆಕೆಗೆ ಬ್ಯಾಚ್ ಬದಲಿಸುವ ಅಗತ್ಯವಿಲ್ಲ. ಎಂ.ಟೆಕ್ ಹುಡುಗರಲ್ಲಿ ಒಬ್ಬನಿಗೆ ಅರ್ಧ ರೆಕಾರ್ಡ್ ದಾಟಿಸಿ, ಕ್ಯಾಂಟೀನ್ ಗೆಳೆಯನಿಗೆ ಇಂಟರ್ನಲ್ (ಕಾಲೇಜೇ ನಡೆಸುವ ಪರೀಕ್ಷೆ) ಪೇಪರ್ ತಿದ್ದಲು ಹೆಚ್ಚು ಕೊಡಿ.

ಅಸಲು ಇಕ್ಕಟ್ಟು ಇಂಟರ್ನಲ್ ವಾರದ್ದು. 60 ಬ್ಲೂ ಬುಕ್ (ಉತ್ತರ ಪುಸ್ತಕ), ಒಂದಕ್ಕೆ 12 ನಿಮಿಷ ಅಂದರೆ 12 ಗಂಟೆ. ಆರು ಗಂಟೆಯ ಮಿತಿಯಲ್ಲಿರುವ ಒಬ್ಬರಿಗೆ ಇಡೀ ಸೆಕ್ಷನ್ ಕೊಟ್ಟರೆ ನಿಯಮ ಅಲ್ಲೇ ಮುರಿಯಿತು. ನಾವು ಮಾಡುವುದು ಇಷ್ಟೆ: ಪುಸ್ತಕ ಹಂಚುವುದಿಲ್ಲ, ಪ್ರಶ್ನೆ ಹಂಚುತ್ತೇವೆ. ಮೂವರು ಕೂತು, ಒಬ್ಬರು ಅರವತ್ತೂ ಬ್ಲೂ ಬುಕ್‌ಗಳ ಮೊದಲ ಪ್ರಶ್ನೆ ನೋಡುತ್ತಾರೆ, ಇನ್ನೊಬ್ಬರು ಎರಡನೆಯದು. ತಲೆಗೆ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಅದೇ ಉತ್ತರಕ್ಕೆ ಒಬ್ಬನಿಗೆ ಆರು, ಇನ್ನೊಬ್ಬನಿಗೆ ಎಂಟು ಬಿತ್ತೆಂಬ ದೂರೂ ಕಡಿಮೆ. ಆ ವಾರ ರೆಕಾರ್ಡ್ ತಿದ್ದುವುದನ್ನು ನಿಲ್ಲಿಸಿ. ಅಂತಿಮ ಅಂಕ ಮತ್ತು ಸಹಿ ಮಾತ್ರ ವಿಷಯದ ಅಧ್ಯಾಪಕರದ್ದೇ ಇರಲಿ, ಅದನ್ನು ವಿದ್ಯಾರ್ಥಿ ಹೆಗಲಿಗೆ ಹಾಕಬಾರದು.

ಗಡುವು ಇಡುವಾಗ ಕ್ಯಾಲೆಂಡರ್ ನೋಡಿ. ನವೆಂಬರ್ 1ರ ರಾಜ್ಯೋತ್ಸವ ಮೆರವಣಿಗೆ ಬೆಳಗಾವಿಯಲ್ಲಿ ತಡರಾತ್ರಿವರೆಗೆ ನಡೆಯುವಾಗ 2ಕ್ಕೆ ಬ್ಲೂ ಬುಕ್ ಕೇಳಿದರೆ ಯಾರು ತರುತ್ತಾರೆ? ಗಣಪತಿ ವಿಸರ್ಜನೆಯ ಮರುದಿನವೂ ಹಾಗೇ. ಶನಿವಾರ ಮಧ್ಯಾಹ್ನದ ಬ್ಯಾಚನ್ನು ಅಥಣಿ, ರಾಮದುರ್ಗ ಕಡೆಯ ಬಸ್ಸು ಹಿಡಿಯುವವರಿಗೆ ಕೊಡಬೇಡಿ, ಊರಲ್ಲೇ ಮನೆ ಇದ್ದವರನ್ನು ಕೇಳಿ. ಮೊದಲ ವರ್ಷದ ಲ್ಯಾಬ್‌ಗೆ ಕನ್ನಡ, ಮರಾಠಿ ಎರಡೂ ಬರುವವರು ಒಬ್ಬರಿದ್ದರೆ ಒಳ್ಳೆಯದು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹಿಂಜರಿಯುವ ಹಳ್ಳಿ ಹುಡುಗರು ಅವರ ಹತ್ತಿರ ಬಾಯಿ ಬಿಡುತ್ತಾರೆ.

ಎಲ್ಲರಿಗೂ ಆರು ಗಂಟೆಯೇ ಆಗಬೇಕೆಂದಿಲ್ಲ. ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಮುಗಿಸಬೇಕಾದ ಹೊಸಬರಿಗೆ ನಾಲ್ಕು ಸಾಕು. ಥೀಸಿಸ್ ಬರೆಯುತ್ತಿರುವವರಿಗೂ ಅಷ್ಟೇ. ನಡುವಿನ ವರ್ಷದವರು ಆರು ಹೊರಲಿ. ಹೀಗೆ ಮಾಡಿದರೆ ಮೇಲೆ ಹೇಳಿದ 50 ಇನ್ನೂ ಇಳಿಯುತ್ತದೆ, ಇಳಿಯಲಿ ಬಿಡಿ.

ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡುವ ಸಂಸ್ಥೆ) ಫೈಲ್ ಜೋಡಿಸುವುದು, ಅತಿಥಿಗಳನ್ನು ಸ್ಟೇಷನ್‌ನಿಂದ ಕರೆತರುವುದು, ಸೆಮಿನಾರ್ ಹಾಲ್‌ನ ಕುರ್ಚಿ ಎಣಿಸುವುದು ಬೋಧನೆಯ ಕೆಲಸವಲ್ಲ. ಪೂರ್ತಿ ತಡೆಯಲು ನಿಮ್ಮಿಂದಾಗದು, ನನ್ನಿಂದಲೂ ಆಗಿಲ್ಲ. ಆದರೆ ಮಾಡಿಸಿದರೆ ಅದೇ ಆರು ಗಂಟೆಯೊಳಗೆ ಬರೆಯಿಸಿ, ಅಷ್ಟು ರೆಕಾರ್ಡ್ ಕಡಿಮೆ ಮಾಡಿ. ಕಾಗದದ ಮೇಲೆ ಬಂದ ಕೂಡಲೇ ಇಂಥ ಕೆಲಸ ತಾನಾಗಿ ಸೊರಗುತ್ತದೆ.

ಬರೆಯಿಸುವುದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಎಲ್ಲರೂ ತುಂಬುವ ಒಂದು ಎಕ್ಸೆಲ್ ಶೀಟ್ ಸಾಕು: ದಿನಾಂಕ, ಕೆಲಸ, ನಿಮಿಷ. ಶುಕ್ರವಾರ ಸಂಜೆ ನೀವೊಮ್ಮೆ ನೋಡಿ. ಸತತ ಎರಡು ವಾರ ಯಾರದಾದರೂ ಮಿತಿ ಮೀರಿದ್ದರೆ ಮೂರನೇ ವಾರ ಅಷ್ಟು ಕೆಲಸ ಕಿತ್ತು ಬೇರೆಯವರಿಗೆ ಕೊಡಿ. ಕೊಡಲು ಯಾರೂ ಇಲ್ಲದಿದ್ದರೆ ಅದು ಅಧ್ಯಾಪಕರ ಪಾಲು. ಯಾರಿಗೆ ಯಾವ ಕೆಲಸ ಎಂಬ ಪಟ್ಟಿಯನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಗೈಡ್‌ಗಳಿಗೂ ಕಳಿಸಿ ಒಪ್ಪಿಗೆ ಪಡೆಯಿರಿ. ‘ನನ್ನ ಸ್ಟೂಡೆಂಟ್‌ನ್ನ ಯಾರ ಕೇಳಿ ಲ್ಯಾಬಿಗೆ ಹಾಕಿದ್ರಿ?’ ಎಂಬ ಫೋನು ಬರುವುದು ಅವರಿಂದಲೇ, ಅದೂ ಮೊದಲ ಇಂಟರ್ನಲ್ ಹೊತ್ತಿಗೆ ಸರಿಯಾಗಿ.