ಕೆಲಸಕ್ಕೆ ತಕ್ಕ ಕೊಠಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಒಂದು ಕುಟುಂಬ ಸಂಸ್ಥೆ. ಕಾರ್ಖಾನೆಗಳ ಪಂಪು, ವಾಲ್ವ್‌ಗಳ ದುರಸ್ತಿ, ಔಷಧಗಳ ಮಾರಾಟ ಮತ್ತು ಇತ್ತೀಚೆಗೆ ಆರಂಭಿಸಿದ ಸಣ್ಣ ಸಾಫ್ಟ್‌ವೇರ್ ವಿಭಾಗ, ಹೀಗೆ ಮೂರು ಬಗೆಯ ಕೆಲಸಗಳಿವೆ. ಮೂರೂ ವಿಭಾಗದವರು ಪರಸ್ಥಳಕ್ಕೆ ಹೋಗಿ ತಂಗಬೇಕಾಗುತ್ತದೆ. ಹುದ್ದೆಯ ದರ್ಜೆಯನ್ನು ನೋಡಿ ಒಂದು ರಾತ್ರಿಗೆ ಇಷ್ಟು ರೂಪಾಯಿ ಎಂದು ಎಲ್ಲರಿಗೂ ಒಂದೇ ಪಟ್ಟಿ ಮಾಡಿದ್ದೇವೆ. ಅಂದಿನಿಂದ ದೂರುಗಳು ಹೆಚ್ಚಿವೆ. ಎಲ್ಲರಿಗೂ ಒಂದೇ ನಿಯಮ ಎನ್ನುವುದು ನ್ಯಾಯವಲ್ಲವೇ?
(ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, ಹುಬ್ಬಳ್ಳಿ)

ಉತ್ತರ: ಒಂದೇ ನಿಯಮ ಇರಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಆ ನಿಯಮ ದರ್ಜೆಯ ಮೇಲೆ ನಿಂತಿರುವುದರಿಂದಲೇ ದೂರುಗಳು ಹುಟ್ಟುತ್ತಿವೆ. ನೌಕರನು ಎಷ್ಟು ಹೊತ್ತಿಗೆ ಮಲಗುತ್ತಾನೆ, ಎದ್ದ ಕೂಡಲೇ ಎಲ್ಲಿಗೆ ಹೋಗಬೇಕು, ಕೊಠಡಿಯೊಳಗೆ ಯಾವ ಕೆಲಸ ಮಾಡುತ್ತಾನೆ, ಎಷ್ಟು ದಿನ ಇರುತ್ತಾನೆ ಎಂಬ ನಾಲ್ಕು ವಿಚಾರಗಳನ್ನು ತಿಳಿಯದೆ ಗೊತ್ತುಪಡಿಸಿದ ಮೊತ್ತವು ಒಬ್ಬರಿಗೆ ಮಿಕ್ಕುತ್ತದೆ, ಇನ್ನೊಬ್ಬರಿಗೆ ಸಾಲದಾಗುತ್ತದೆ.

ನಿಮ್ಮ ದುರಸ್ತಿ ತಂಡದಿಂದ ಆರಂಭಿಸೋಣ, ಏಕೆಂದರೆ ಹೆಚ್ಚು ಅನ್ಯಾಯವಾಗುತ್ತಿರುವುದು ಬಹುಶಃ ಅವರಿಗೇ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಯಂತ್ರಗಳನ್ನು ಬಿಚ್ಚಿ ದುರಸ್ತಿಗೆ ಇಳಿಯುತ್ತವೆ. ತೋರಣಗಲ್ಲಿನಂತಹ ಕಡೆ ಉಕ್ಕಿನ ಸ್ಥಾವರದ ಒಂದೊಂದು ಘಟಕವನ್ನು ಶಟ್‌ಡೌನ್ ಮಾಡಿದಾಗ ದುರಸ್ತಿಯವರು ಹಗಲು ಪಾಳಿ, ರಾತ್ರಿ ಪಾಳಿ ಎಂದು ಹಂಚಿಕೊಂಡು ದುಡಿಯುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಮರಳುವವನಿಗೆ ಮಧ್ಯಾಹ್ನ ಹನ್ನೆರಡಕ್ಕೆ ಕೊಠಡಿ ಖಾಲಿ ಮಾಡಿ ಎನ್ನುವ ಹೋಟೆಲು ಎಷ್ಟೇ ಚೆನ್ನಾಗಿದ್ದರೂ ನಿರುಪಯುಕ್ತ. ಅವನಿಗೆ ಬೇಕಾದದ್ದು 24 ಗಂಟೆ ಚೆಕ್‌ಔಟ್ ಇರುವ ಲಾಡ್ಜು, ಬೆಳಕು ಒಳಬಾರದ ದಪ್ಪ ಪರದೆ, ಹಗಲಿನಲ್ಲಿ ಬಾಗಿಲು ಬಡಿಯದ ಕೊಠಡಿ ಹುಡುಗರು, ಎಣ್ಣೆ ಮೆತ್ತಿದ ಬಟ್ಟೆ ಮತ್ತು ಸುರಕ್ಷತಾ ಬೂಟುಗಳನ್ನು ತೊಳೆದು ಒಣಗಿಸಲು ಜಾಗ, ಹೊತ್ತಲ್ಲದ ಹೊತ್ತಿನಲ್ಲಿ ರೊಟ್ಟಿ ಊಟ ಕಟ್ಟಿಕೊಡುವ ಖಾನಾವಳಿ. ಒಂದೇ ಹಾಸಿಗೆಯನ್ನು ಎರಡು ಪಾಳಿಯವರಿಗೆ ಸರದಿಯಂತೆ ಕೊಡುವ ಪದ್ಧತಿ ಕೆಲವು ಗುತ್ತಿಗೆದಾರರಲ್ಲಿದೆ. ಇದರಿಂದ ಉಳಿಯುವ ಹಣ ಅಲ್ಪ. ನಿದ್ದೆಗೆಟ್ಟ ಫಿಟ್ಟರ್ ಒಬ್ಬನು ಬೋಲ್ಟನ್ನು ತಪ್ಪಾಗಿ ಬಿಗಿದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೆಲಸ ಎರಡು ವಾರಕ್ಕಿಂತ ಹೆಚ್ಚು ನಡೆಯುವುದಾದರೆ ಸ್ಥಾವರದ ಹತ್ತಿರದ ಹಳ್ಳಿಯಲ್ಲೇ ಮನೆಯೊಂದನ್ನು ತಿಂಗಳ ಬಾಡಿಗೆಗೆ ಹಿಡಿದು ಅಡುಗೆಯವರನ್ನು ನೇಮಿಸುವುದು ಲಾಡ್ಜಿಗಿಂತ ಅಗ್ಗವೂ ಹೌದು, ನೆಮ್ಮದಿಯೂ ಹೌದು. ತೋರಣಗಲ್ಲಿನ ಕೆಲಸಕ್ಕೆ ಹೊಸಪೇಟೆಯಲ್ಲಿ ಕೊಠಡಿ ಹಿಡಿಯುವವರು ಇನ್ನೊಂದನ್ನು ಗಮನಿಸಬೇಕು. ಚಳಿಗಾಲದಲ್ಲಿ ಹಂಪಿಗೆ ಬರುವ ಪ್ರವಾಸಿಗರಿಂದ ಅಲ್ಲಿನ ಕೊಠಡಿಗಳು ತುಂಬಿರುತ್ತವೆ, ಬಾಡಿಗೆಯೂ ಏರಿರುತ್ತದೆ.

ಔಷಧ ಮಾರಾಟದವರ, ಅಂದರೆ ಎಂ.ಆರ್.ಗಳ ದಿನಚರಿ ಪೂರ್ತಿ ಬೇರೆ. ವೈದ್ಯರು ಸಿಗುವುದು ಹೊರರೋಗಿಗಳ ಸಾಲು ಕರಗಿದ ಮೇಲೆ, ಮಧ್ಯಾಹ್ನವೋ ರಾತ್ರಿ ಒಂಬತ್ತರ ಮೇಲೋ. ಆದ್ದರಿಂದ ಆಸ್ಪತ್ರೆಗಳ ಬೀದಿಗೆ ಅಥವಾ ಬಸ್ ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರದ ಕೊಠಡಿ, ಬೆಳಿಗ್ಗೆ ಬಿಸಿನೀರು ಮತ್ತು ಇಸ್ತ್ರಿ, ಸ್ಯಾಂಪಲ್ ಚೀಲವನ್ನು ಬಿಸಿಲು ತಾಗದಂತೆ ಇಡುವ ಸ್ಥಳ, ಇಷ್ಟಿದ್ದರೆ ಅವರಿಗೆ ಸಾಕು. ಪ್ರತಿ ತಿಂಗಳೂ ಅದೇ ಊರಿಗೆ ಹೋಗುವವರಾದ್ದರಿಂದ ಅವರು ತಾವೇ ಆರಿಸಿಕೊಂಡ ಲಾಡ್ಜಿನಲ್ಲಿ ಇರಲು ಬಿಡಿ. ವರ್ಷಗಳಿಂದ ಪರಿಚಯವಿರುವ ಮ್ಯಾನೇಜರು ತಡರಾತ್ರಿ ಬಾಗಿಲು ತೆರೆಯುವ ಸೌಜನ್ಯವನ್ನು ಬುಕಿಂಗ್ ಆ್ಯಪ್ ಕೊಡಿಸಲಾರದು. ಎಚ್.ಕ್ಯು. (ತಮ್ಮ ಊರಿನಲ್ಲೇ ಕೆಲಸ), ಎಕ್ಸ್-ಸ್ಟೇಷನ್ (ಹೋಗಿ ಅಂದೇ ಮರಳುವುದು), ಔಟ್‌ಸ್ಟೇಷನ್ (ಪರಸ್ಥಳದಲ್ಲಿ ತಂಗುವುದು) ಎಂದು ಭತ್ಯೆಯನ್ನು ವಿಂಗಡಿಸುವ ಹಳೆಯ ಕ್ರಮ ಆ ಉದ್ಯಮದಲ್ಲಿ ಸುಮ್ಮನೆ ಬೆಳೆದು ಬಂದದ್ದಲ್ಲ. ಅದನ್ನು ಕಿತ್ತುಹಾಕಿ ದರ್ಜೆಯ ಪಟ್ಟಿಯನ್ನು ತಂದದ್ದು ಸರಿಯಾಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಸಾಫ್ಟ್‌ವೇರ್‌ನವರು ಬೆಂಗಳೂರಿಗೆ ಹೋದರೆ ವಾರಗಟ್ಟಲೆ ಇರುತ್ತಾರೆ, ಕೊಠಡಿಯಲ್ಲೂ ಕೆಲಸ ಮಾಡುತ್ತಾರೆ. ಅಮೆರಿಕದ ಗ್ರಾಹಕರೊಡನೆ ರಾತ್ರಿ ಹತ್ತರ ಮೇಲೆ ಮಾತನಾಡಬೇಕಾದವನನ್ನು ಇನ್ನೊಬ್ಬರ ಜೊತೆ ಒಂದೇ ಕೊಠಡಿಯಲ್ಲಿ ಇರಿಸಿದರೆ ಇಬ್ಬರಿಗೂ ನಿದ್ದೆಯಿಲ್ಲ, ಗ್ರಾಹಕರ ಗುಟ್ಟೂ ಉಳಿಯುವುದಿಲ್ಲ. ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಯಂತ್ರವಿರುವ ಸರ್ವಿಸ್ ಅಪಾರ್ಟ್‌ಮೆಂಟ್ ಅವರಿಗೆ ಅನುಕೂಲ. ಆ ನಗರದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ವೈಟ್‌ಫೀಲ್ಡ್‌ನಲ್ಲಿ ಕೆಲಸವಿದ್ದರೆ 2023ರಿಂದ ಅಲ್ಲಿಯವರೆಗೆ ಓಡುತ್ತಿರುವ ಮೆಟ್ರೋ ನೇರಳೆ ಮಾರ್ಗದ ಬದಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಬದಿಯಲ್ಲಿ ಹುಡುಕಿ.

ಕೆಲಸವೇ ಕೊಠಡಿಯನ್ನು ನಿರ್ಧರಿಸಬೇಕೆಂಬುದನ್ನು ಸರ್ಕಾರವೂ ಒಂದು ಉದ್ಯಮದಲ್ಲಿ ಲಿಖಿತವಾಗಿ ಒಪ್ಪಿದೆ. ವಿಮಾನ ಸಿಬ್ಬಂದಿಯ ವಿಶ್ರಾಂತಿಗೆ ಸಂಬಂಧಿಸಿದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ತಕ್ಕ ವಸತಿ ಎಂದರೆ ಗದ್ದಲ ಕಡಿಮೆಯಿರುವ, ಗಾಳಿಯಾಡುವ, ಬೆಳಕನ್ನೂ ಉಷ್ಣತೆಯನ್ನೂ ಹೆಚ್ಚುಕಡಿಮೆ ಮಾಡಿಕೊಳ್ಳಬಹುದಾದ, ಕೇಳಿದರೆ ಒಬ್ಬರಿಗೇ ಸಿಗುವ ಮಲಗುವ ಕೋಣೆ ಎಂದು ವಿವರಿಸುತ್ತವೆ. ಅಲ್ಲಿ ನಕ್ಷತ್ರಗಳ ಮಾತಿಲ್ಲ, ಬಾಡಿಗೆಯ ಮಾತೂ ಇಲ್ಲ. ನಿಮ್ಮ ಪಟ್ಟಿಯನ್ನೂ ಈ ಧಾಟಿಯಲ್ಲೇ ಬರೆಯಿರಿ: ಪ್ರತಿಯೊಂದು ಕೆಲಸಕ್ಕೂ ಇರಲೇಬೇಕಾದ ಸೌಲಭ್ಯಗಳನ್ನು ಮೊದಲು ಹೇಳಿ, ಆ ಊರಿನಲ್ಲಿ ಅವು ದೊರೆಯುವ ದರವನ್ನು ಆಮೇಲೆ ಮಿತಿಯಾಗಿ ಇಡಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವ ವಾರಗಳಲ್ಲಿ, ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಸಮಯದಲ್ಲಿ ಯಾವ ಮಿತಿಯೂ ನಿಲ್ಲುವುದಿಲ್ಲ. ಆ ದಿನಗಳಿಗೆ ವಿನಾಯಿತಿಯನ್ನು ಮೊದಲೇ ಬರೆದಿಡಿ.

ಪ್ರಶ್ನೆ: ನಾನು ಮಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಆರ್ಟಿಕಲ್‌ಶಿಪ್ (ಸಿ.ಎ. ಓದಿನ ಭಾಗವಾದ ತರಬೇತಿ) ಮಾಡುತ್ತಿದ್ದೇನೆ. ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್‌ಗೆಂದು ಸಣ್ಣ ಊರುಗಳಿಗೆ ಹೋಗುತ್ತೇವೆ. ಜೊತೆಯ ಹುಡುಗರಿಗೆ ಬಸ್ ನಿಲ್ದಾಣದ ಎದುರಿನ ಲಾಡ್ಜ್ ನಡೆಯುತ್ತದೆ. ನನಗೆ ಒಂದು ಕಡೆ ಒಂಟಿ ಮಹಿಳೆಯರಿಗೆ ಕೊಠಡಿ ಇಲ್ಲ ಎಂದರು. ಬೇರೆ ಹೋಟೆಲಿನ ಹೆಚ್ಚುವರಿ ಬಾಡಿಗೆಯನ್ನು ನಾನೇ ಕೊಟ್ಟೆ. ಅದನ್ನು ಕಚೇರಿಯಿಂದ ಕೇಳಬಹುದೇ?
(ಹೆಸರು ಬೇಡ ಎಂದಿರುವ ಓದುಗರು, ಮಂಗಳೂರು)

ಉತ್ತರ: ಕೇಳಬಹುದು, ಕೇಳಲೇಬೇಕು. ಒಂಟಿ ಮಹಿಳೆಗೆ ಕೊಠಡಿ ಕೊಡಬಾರದೆಂಬ ಕಾನೂನು ನಮ್ಮಲ್ಲಿ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು ಉದ್ಯೋಗದ ನಿಮಿತ್ತ ಭೇಟಿ ನೀಡುವ ಸ್ಥಳವನ್ನೂ, ಮಾಲೀಕರು ಒದಗಿಸುವ ವಾಹನವನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ತರಬೇತಿಯಲ್ಲಿರುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಹಾಗಿರುವಾಗ ನಿಮ್ಮ ಸುರಕ್ಷಿತ ವಸತಿಯ ಖರ್ಚು ಕಚೇರಿಯ ಖರ್ಚೇ ಆಗಬೇಕು.

ಬ್ಯಾಂಕ್ ಆಡಿಟ್‌ಗೆ ತನ್ನದೇ ಆದ ತೊಂದರೆಯೊಂದಿದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದ ಶಾಖೆಗಳು ಕೆಲವೇ ದಿನಗಳಲ್ಲಿ ವರದಿ ಕೇಳುವುದರಿಂದ ಎಲ್ಲರೂ ರಾತ್ರಿಯವರೆಗೆ ಕುಳಿತಿರುತ್ತಾರೆ. ಶಾಖೆಯಿಂದ ಕೊಠಡಿಗೆ ರಾತ್ರಿ ಹತ್ತು ಗಂಟೆಗೆ ಹೇಗೆ ಹೋಗುವುದು ಎಂಬುದು ಇಲ್ಲಿ ಬಾಡಿಗೆಗಿಂತ ದೊಡ್ಡ ಪ್ರಶ್ನೆ. ಶಾಖೆ ಹಳ್ಳಿಯಲ್ಲಿದ್ದು ವಸತಿ ತಾಲ್ಲೂಕು ಕೇಂದ್ರದಲ್ಲಿದ್ದರೆ ವಾಹನವನ್ನು ಬೆಳಿಗ್ಗೆಯೇ ಗೊತ್ತುಮಾಡಿಸಿ. ಕೊಠಡಿ ಕಾಯ್ದಿರಿಸುವಾಗ ಒಬ್ಬರೇ ಬರುವ ಮಹಿಳೆಗೆಂದು ಹೇಳಿ, ಒಪ್ಪಿಗೆಯನ್ನು ಸಂದೇಶದ ರೂಪದಲ್ಲಿ ಪಡೆಯಿರಿ. ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕವಿದೆಯೇ, ರಾತ್ರಿ ಸ್ವಾಗತಕಟ್ಟೆಯಲ್ಲಿ ಯಾರಾದರೂ ಇರುತ್ತಾರೆಯೇ ಎಂದು ಕೇಳಿ. ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ಗ್ರಾಹಕರ ಸಾಲದ ವಿವರಗಳಿರುವುದರಿಂದ ಬೀಗ ಸರಿಯಿಲ್ಲದ ಕೊಠಡಿ ನಿಮ್ಮ ಜೊತೆಯ ಹುಡುಗರಿಗೂ ಸಲ್ಲದು.

ಪ್ರಶ್ನೆ: ನಮ್ಮ ಸಂಸ್ಥೆಗೆ ಕರ್ನಾಟಕದಲ್ಲಿ ಮಾತ್ರ ಜಿಎಸ್‌ಟಿ ನೋಂದಣಿಯಿದೆ. ಚೆನ್ನೈ, ಪುಣೆಗಳಲ್ಲಿ ನಮ್ಮವರು ತಂಗಿದಾಗ ಕಟ್ಟಿದ ತೆರಿಗೆಯನ್ನು ಹಿಂಪಡೆಯಬಹುದೇ?
(ಓದುಗರು, ಮೈಸೂರು)

ಉತ್ತರ: ಆಗುವುದಿಲ್ಲ. ವಸತಿಯ ವಿಷಯದಲ್ಲಿ ಕಟ್ಟಡ ಇರುವ ಸ್ಥಳವೇ ಸೇವೆ ಪೂರೈಕೆಯಾದ ಸ್ಥಳ. ಚೆನ್ನೈನ ಹೋಟೆಲು ಕೇಂದ್ರದ ಪಾಲಿನ ಜೊತೆಗೆ ತಮಿಳುನಾಡಿನ ಪಾಲನ್ನು ವಿಧಿಸುತ್ತದೆ, ಅದನ್ನು ಕರ್ನಾಟಕದ ನೋಂದಣಿಯಲ್ಲಿ ಹೊಂದಿಸಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಆ ತೆರಿಗೆಯನ್ನು ಖರ್ಚೆಂದೇ ಎಣಿಸಿ ಮಿತಿ ಗೊತ್ತುಮಾಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18 ತೆರಿಗೆಯಿದೆ. ಮಿತಿಯನ್ನು 7,500ರ ಆಸುಪಾಸಿನಲ್ಲಿ ಇಡುವವರು ಈ ಮೆಟ್ಟಿಲನ್ನು ನೋಡಿಕೊಳ್ಳಬೇಕು.

ಪ್ರಶ್ನೆ: ಬ್ಯಾಡಗಿಯ ಹತ್ತಿರ ನಮ್ಮದೊಂದು ಹಳೆಯ ಲಾಡ್ಜಿದೆ. ಕಂಪನಿಗಳ ಗಿರಾಕಿಗಳನ್ನು ಸೆಳೆಯಲು ಹವಾನಿಯಂತ್ರಣ, ಟಿ.ವಿ., ಹೊಸ ಸ್ವಾಗತಕಟ್ಟೆ ಎಲ್ಲವನ್ನೂ ಮಾಡಿಸಬೇಕೇ?
(ಲಾಡ್ಜ್ ಮಾಲೀಕರು, ಹಾವೇರಿ ಜಿಲ್ಲೆ)

ಉತ್ತರ: ಮೊದಲು ನಿಮ್ಮಲ್ಲಿಗೆ ಬರುವವರು ಯಾರೆಂದು ನೋಡಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ನಡೆಯುವುದು ಸೋಮವಾರ ಮತ್ತು ಗುರುವಾರ. ಹಂಗಾಮಿನಲ್ಲಿ ಮಸಾಲೆ ಪುಡಿಯ ಕಂಪನಿಗಳ ಮತ್ತು ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗಳ ಖರೀದಿದಾರರು ಹಿಂದಿನ ರಾತ್ರಿಯೇ ಬಂದಿಳಿದರೆ ಬೆಳಿಗ್ಗೆ ಮಾಲು ನೋಡಲು ಹೊತ್ತು ಸಿಗುತ್ತದೆ. ಎಂದರೆ ಭಾನುವಾರ, ಬುಧವಾರದ ರಾತ್ರಿಗಳೇ ನಿಮ್ಮ ಫಸಲು. ಅವರಿಗೆ ಬೇಕಾಗುವುದು ಕಾರು ನಿಲ್ಲಿಸುವ ಜಾಗ, ನಸುಕಿನಲ್ಲೇ ಚಹಾ ಮತ್ತು ತಿಂಡಿ, ವಿದ್ಯುತ್ ಹೋದರೂ ಆರದ ದೀಪ ಮತ್ತು ಫ್ಯಾನು, ಕಂಪನಿಯ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲು. ನೀವು ನೋಂದಣಿ ಮಾಡಿಸಿರದಿದ್ದರೆ ಈ ಕೊನೆಯದನ್ನು ಕೊಡಲಾಗದು, ದೊಡ್ಡ ಕಂಪನಿಯವರು ಇನ್ನೊಂದು ಲಾಡ್ಜನ್ನು ಹುಡುಕಬಹುದು.

ಹವಾನಿಯಂತ್ರಣವನ್ನು ನಾಲ್ಕಾರು ಕೊಠಡಿಗಳಿಗೆ ಮಾತ್ರ ಹಾಕಿಸಿ. ಸ್ವಾಗತಕಟ್ಟೆಗೆ ಎತ್ತಿಟ್ಟ ಹಣದಲ್ಲಿ ಪ್ರತಿ ಕೊಠಡಿಗೂ ಒಂದು ಮೇಜು, ನೇರ ಬೆನ್ನಿನ ಕುರ್ಚಿ ಮತ್ತು ಹಾಸಿಗೆಯ ಪಕ್ಕದಲ್ಲೇ ಒಂದು ಪ್ಲಗ್ ಪಾಯಿಂಟ್ ಕೊಡಿಸಿ. ನಮ್ಮ ಲಾಡ್ಜುಗಳಲ್ಲಿ ಗೋಡೆಯಷ್ಟು ದೊಡ್ಡ ಟಿ.ವಿ. ಇರುತ್ತದೆ, ಬರೆಯಲು ಒಂದು ಮೇಜು ಇರುವುದಿಲ್ಲ. ಖರೀದಿದಾರರು ತರುವ ಮೆಣಸಿನಕಾಯಿ ಸ್ಯಾಂಪಲ್ ಚೀಲಗಳಿಗೆ ನೆಲಮಹಡಿಯಲ್ಲಿ ಗಾಳಿಯಾಡುವ ಒಂದು ಕೋಣೆಯನ್ನು ಬೇರೆಯಾಗಿ ಇಡಿ. ಅವನ್ನು ಮೇಲಕ್ಕೆ ಒಯ್ಯಲು ಬಿಟ್ಟರೆ ಪಕ್ಕದ ಕೊಠಡಿಯವರು ರಾತ್ರಿಯಿಡೀ ಕೆಮ್ಮುತ್ತಿರುತ್ತಾರೆ.