ವೋಲ್ಟ್/ಮಿಲ್ ಅನ್ನು ಕಿಲೋವೋಲ್ಟ್/ಮಿಮೀ ಮಾಡುವಾಗ 25.4ರಿಂದ ಭಾಗಿಸಿ, ಗುಣಿಸಬೇಡಿ

ಸರ್, ನಿಮ್ಮ ಲೆಕ್ಕದ ಹಾಳೆ ನೋಡಿದೆ. ವಾಲ್ವ್ ಆಂಪ್ಲಿಫೈಯರ್‌ಗೆ 350-0-350 (ನಡುವಿನಿಂದ ಎರಡೂ ಕಡೆ 350 ವೋಲ್ಟ್) ಟ್ರಾನ್ಸ್‌ಫಾರ್ಮರ್ ನೀವೇ ಸುತ್ತುತ್ತಿದ್ದೀರಿ, ತುಂಬಾ ಖುಷಿ. ಪದರಗಳ ನಡುವೆ ವಿದ್ಯುತ್ ತಡೆಯೋಕೆ ಹಾಕುವ 5 ಮಿಲ್ (ಇಂಚಿನ ಸಾವಿರದಲ್ಲಿ ಐದು ಭಾಗ) ದಪ್ಪದ ಕ್ಯಾಪ್ಟಾನ್ ಪ್ಲಾಸ್ಟಿಕ್ ಫಿಲ್ಮ್‌ನ ತಾಕತ್ತು, ಅಂದರೆ ತೂತಾಗದೆ ಎಷ್ಟು ವೋಲ್ಟ್ ತಡೆಯುತ್ತೆ ಅನ್ನೋದು, ಡೇಟಾಶೀಟ್‌ನಲ್ಲಿ 3900 ವೋಲ್ಟ್/ಮಿಲ್ ಅಂತಿದೆ. ಅದೇ ಕೆಲಸಕ್ಕೆ ಬಳಸುವ ಲೆದರಾಯ್ಡ್ ಅನ್ನೋ ಗಟ್ಟಿ ಪೇಪರ್‌ಗೆ ಅಂಗಡಿಯವರು 8 ಕಿಲೋವೋಲ್ಟ್/ಮಿಮೀ ಅಂದಿದ್ದಾರೆ. ಎರಡನ್ನೂ ಹೋಲಿಸೋಕೆ ನೀವು 3900ನ್ನು 25.4ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ, 99 ಕಿಲೋವೋಲ್ಟ್/ಮಿಮೀ ಅಂತ ಬರೆದಿದ್ದೀರಿ. ಸರಿಯಾದ ಉತ್ತರ 153.5. ಈ ತಪ್ಪು ಕಣ್ಣಿಗೆ ಬೀಳೋದು ಕಷ್ಟ, ಯಾಕಂದ್ರೆ 99 ಕೂಡ ನಂಬುವಂಥ ಸಂಖ್ಯೆಯೇ.

ತಪ್ಪಿದ್ದು ಎಲ್ಲಿ ಅಂದ್ರೆ, ಇಲ್ಲಿ ಉದ್ದದ ಅಳತೆ ಭಾಗಾಕಾರದ ಕೆಳಗಡೆ, ಛೇದದಲ್ಲಿ ಇದೆ. ತಂತಿ ಅಡಿಗೆ 30 ರೂಪಾಯಿ ಅಂದರೆ ಮೀಟರ್‌ಗೆ ಎಷ್ಟು? ಅಡಿ ಅಂದರೆ 0.3048 ಮೀಟರ್ ತಾನೇ ಅಂತ ಗುಣಿಸಿ 9 ರೂಪಾಯಿ ಕೊಟ್ಟರೆ ಅಂಗಡಿಯವನು ಒಪ್ಪಲ್ಲ. ಒಂದು ಮೀಟರಿನಲ್ಲಿ 3.28 ಅಡಿ ಇದೆ, 98 ರೂಪಾಯಿ ಚಿಲ್ಲರೆ ಆಗುತ್ತೆ. ವೋಲ್ಟ್‌ಗೂ ಇದೇ ಲೆಕ್ಕ. ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, 0.0254 ಮಿಮೀ. ಲೇತ್ ಕೆಲಸದವರು ಥೌ ಅನ್ನೋದು ಇದನ್ನೇ. ಒಂದು ಮಿಮೀಯಲ್ಲಿ 39.37 ಮಿಲ್ ಇವೆ. ಹಾಗಾಗಿ 3900 ಗುಣಿಸು 39.37, ಅಂದರೆ ಸುಮಾರು 1,53,500 ವೋಲ್ಟ್/ಮಿಮೀ.

ಇದರಲ್ಲೇ ಒಂದು ಸುಲಭದ ದಾರಿ ಇದೆ. ಮಿಲ್‌ನಲ್ಲಿರುವ ಸಾವಿರ, ಕಿಲೋದ ಸಾವಿರ, ಎರಡೂ ಹೊಡೆದು ಹೋಗುತ್ತವೆ. ವೋಲ್ಟ್/ಮಿಲ್ ಅನ್ನು 25.4ರಿಂದ ಭಾಗಿಸಿದರೆ ನೇರವಾಗಿ ಕಿಲೋವೋಲ್ಟ್/ಮಿಮೀ. ವಾಪಸ್ ಬರೋಕೆ 25.4ರಿಂದ ಗುಣಿಸಿ. ನಿಮ್ಮ ಲೆದರಾಯ್ಡ್ 203 ವೋಲ್ಟ್/ಮಿಲ್ ಆಯ್ತು. ಇಂಚು ಅಂದರೆ ಸರಿಯಾಗಿ 25.4 ಮಿಮೀ ಅಂತ 1959ರಲ್ಲೇ ಅಮೆರಿಕ, ಬ್ರಿಟನ್ ಮುಂತಾದ ದೇಶಗಳು ಒಪ್ಪಿಕೊಂಡಿವೆ, ಆದ್ದರಿಂದ ಈ ಸಂಖ್ಯೆಯಲ್ಲಿ ಅಂದಾಜಿನ ಪ್ರಶ್ನೆಯೇ ಇಲ್ಲ.

ಲೆಕ್ಕ ಸರಿಯೋ ಅಂತ ನೋಡೋಕೆ ದಪ್ಪ ಸೇರಿಸಿ ನೋಡಿ. ಹಾಳೆ ಒಂದೇ, ಅಳೆಯುವ ಕೋಲು ಬೇರೆ, ಒಟ್ಟು ವೋಲ್ಟ್ ಬದಲಾಗಬಾರದು ಅಲ್ವಾ? 3900 ಗುಣಿಸು 5 ಮಿಲ್, 19,500 ವೋಲ್ಟ್. 153.5 ಗುಣಿಸು 0.127 ಮಿಮೀ, ಅದೂ 19.5 ಕಿಲೋವೋಲ್ಟ್. ನಿಮ್ಮ 99ನ್ನು ಹಾಕಿದರೆ 12.6 ಬರುತ್ತೆ. ಅಲ್ಲೇ ಸಿಕ್ಕಿಬೀಳುತ್ತೆ. ನಾನು ಪ್ರತಿ ಸಲ ಇದನ್ನು ಮಾಡ್ತೀನಿ.

ಇನ್ನೊಂದು ಮಾತು, ಇದು ಪರಿವರ್ತನೆಗಿಂತ ಮುಖ್ಯ. ಅದೇ ಕ್ಯಾಪ್ಟಾನ್‌ನ 1 ಮಿಲ್ ಫಿಲ್ಮ್‌ಗೆ 7700 ವೋಲ್ಟ್/ಮಿಲ್ ಅಂತಿರುತ್ತೆ, ಅಂದರೆ 303 ಕಿಲೋವೋಲ್ಟ್/ಮಿಮೀ. 5 ಮಿಲ್‌ಗೆ ಬಂದಾಗ ಅರ್ಧಕ್ಕೆ ಇಳಿದಿದೆ. ದಪ್ಪ ಜಾಸ್ತಿಯಾದ ಹಾಗೆ ಪ್ರತಿ ಮಿಲ್‌ನ ತಾಕತ್ತು ಕಡಿಮೆ ಆಗುತ್ತೆ. ಆದ್ದರಿಂದ 1 ಮಿಲ್‌ನ ಸಂಖ್ಯೆ ತಗೊಂಡು 5ರಿಂದ ಗುಣಿಸಬೇಡಿ. ಟೇಪ್ ಆದರೆ ಇನ್ನೂ ಹುಷಾರು. ಮೈಕ್ರೋಮೀಟರ್ ಹಿಡಿದಾಗ ಅಂಟಿನ ದಪ್ಪವೂ ಸೇರಿ ಬರುತ್ತೆ, ಲೆಕ್ಕಕ್ಕೆ ಬೇಕಾದ್ದು ಫಿಲ್ಮ್‌ನ ದಪ್ಪ ಮಾತ್ರ.

ಜೊತೆಗೆ ಡೇಟಾಶೀಟ್‌ನ ಸಂಖ್ಯೆ ಒಂದೆರಡು ನಿಮಿಷದೊಳಗೆ ಮುಗಿಯುವ ಪರೀಕ್ಷೆಯದ್ದು. ವರ್ಷಗಟ್ಟಲೆ ಬಿಸಿಯಲ್ಲಿ ಕೂರುವ ಟ್ರಾನ್ಸ್‌ಫಾರ್ಮರ್‌ಗೆ ನಾನು ಹತ್ತರಲ್ಲೊಂದು ಪಾಲನ್ನಷ್ಟೇ ನಂಬ್ತೀನಿ. ನಿಮ್ಮ ಎಚ್‌ಟಿ (ಹೆಚ್ಚು ವೋಲ್ಟೇಜ್‌ನ) ಸುತ್ತಿನ ತುದಿಯಿಂದ ತುದಿಗೆ 700 ವೋಲ್ಟ್, ಎಸಿ ಅಲೆಯ ಪೀಕ್‌ನಲ್ಲಿ 990. ಕ್ಯಾಪ್ಟಾನ್ ಒಂದು ಸುತ್ತು ಹಾಕಿದರೂ ಹತ್ತರಲ್ಲೊಂದು ಅಂದರೆ 1950, ಆರಾಮ. 10 ಮಿಲ್ ಲೆದರಾಯ್ಡ್ ಒಂದೇ ಪದರಕ್ಕೆ ಒಟ್ಟು 2030 ವೋಲ್ಟ್, ಹತ್ತರಲ್ಲೊಂದು 203. ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಆದರೆ ಹಾಳೆ ಎಷ್ಟು ಗಟ್ಟಿ ಇದ್ದರೂ ಅಂಚನ್ನು ಕಡೆಗಣಿಸಿದರೆ ಕೆಲಸ ಕೆಟ್ಟ ಹಾಗೆ. ನಾನು ಸುತ್ತಿದ ಒಂದು ಟ್ರಾನ್ಸ್‌ಫಾರ್ಮರ್ ಎರಡು ಮಳೆಗಾಲ ಕಂಡು ಕೆಟ್ಟುಹೋಯ್ತು. ಬಿಚ್ಚುವಾಗ ಸುಟ್ಟ ವಾರ್ನಿಷ್ ವಾಸನೆ. ಪದರ ಪದರವಾಗಿ ತೆಗೆದು ಬೆಳಕಿಗೆ ಹಿಡಿದೆ, ಫಿಲ್ಮ್‌ನಲ್ಲಿ ಒಂದು ತೂತೂ ಇರಲಿಲ್ಲ. ಬಾಬಿನ್ (ತಂತಿ ಸುತ್ತುವ ಚೌಕಟ್ಟು) ಗೋಡೆಯ ಪಕ್ಕದಲ್ಲಿ ಕೊನೆಯ ಒಂದು ಸುತ್ತು ಜಾರಿ ಕೆಳಗಿನ ಪದರಕ್ಕೆ ಇಳಿದಿತ್ತು. ಆ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಅದರಿಂದ ಗೋಡೆಗುಂಟ ಕೂದಲೆಳೆಯಂಥ ಕರಿ ಗೆರೆ. ಅಲ್ಲಿ ಇದ್ದದ್ದು ತಂತಿಯ ಮೇಲಿನ ಎನಾಮೆಲ್ ಲೇಪ ಮತ್ತು ಗಾಳಿ ಅಷ್ಟೇ. ಗಾಳಿಯ ತಾಕತ್ತು ಸುಮಾರು 3 ಕಿಲೋವೋಲ್ಟ್/ಮಿಮೀ, ಅಂದರೆ 76 ವೋಲ್ಟ್/ಮಿಲ್. ತೇವ, ಧೂಳು ಕೂತ ಮೇಲ್ಮೈ ಮೇಲೆ ಅಷ್ಟೂ ಸಿಗಲ್ಲ.

ಆಮೇಲಿಂದ ಫಿಲ್ಮನ್ನು ಬಾಬಿನ್‌ಗಿಂತ ಸ್ವಲ್ಪ ಅಗಲವಾಗಿ ಕತ್ತರಿಸಿ, ಎರಡೂ ಕಡೆ ಅಂಚನ್ನು ಗೋಡೆಯ ಮೇಲೆ ಮಡಚ್ತೀನಿ. ತಂತಿಯನ್ನು ಗೋಡೆಯಿಂದ 3 ಮಿಮೀ ಒಳಗೇ ನಿಲ್ಲಿಸ್ತೀನಿ. ನೀವು ಬಾಬಿನ್‌ನ ಅಗಲ ಮತ್ತು ತಂತಿಯ ಗೇಜ್ (ದಪ್ಪದ ಸಂಖ್ಯೆ) ಬರೆದು ಹಾಕಿ. ಅಷ್ಟು ಅಂಚು ಬಿಟ್ಟು ಪದರಕ್ಕೆ ಎಷ್ಟು ಸುತ್ತು ಕೂರುತ್ತೆ ಅಂತ ನೋಡೋಣ.